ಮುಳ್ಳಿನ ನಾಡಿಗೆ ಯಾವ ಟೈರು?

ಕುಮಾರಪಟ್ಟಣದಲ್ಲಿ ಹೆದ್ದಾರಿಯನ್ನು ಬಿಟ್ಟು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಗಳ ಕಡೆಗೆ ಚಕ್ಕಡಿ ದಾರಿ ಹಿಡಿದರೆ, ಈ ನೆಲದ ಗುಣ ಮೊದಲು ತಿಳಿಯುವುದು ಸೈಕಲ್ಲಿನ ಚಕ್ರಕ್ಕೆ. ಮುಂಗಾರು ಮುಗಿದು ಹೊಲದ ಬದು ಒಣಗುತ್ತ ಬಂದಂತೆ, ನೆಲಕ್ಕಂಟಿ ಹರಡಿಕೊಂಡ ನೆಗ್ಗಿಲ ಬಳ್ಳಿ ತನ್ನ ಕಾಯಿಗಳನ್ನು ಉದುರಿಸುತ್ತದೆ. ಕಾಯಿ ಒಣಗಿ ಐದು ಹೋಳಾಗುತ್ತದೆ. ಹೋಳು ಹೇಗೆ ಬಿದ್ದರೂ ಒಂದು ಮುಳ್ಳಾದರೂ ಆಕಾಶಕ್ಕೆ ಮುಖಮಾಡಿ ನಿಲ್ಲುತ್ತದೆ. ಬೀಜವನ್ನು ಪ್ರಾಣಿಗಳ ಕಾಲಿಗೆ ಚುಚ್ಚಿಸಿ ದೂರ ಸಾಗಿಸಲು ಸಸ್ಯ ಕಂಡುಕೊಂಡ ಉಪಾಯವಿದು. ಕಾಲಿನ ಜಾಗಕ್ಕೆ ಈಗ ಟೈರು ಬಂದಿದೆ. ಇದು ಸಾಲದೆಂಬಂತೆ ಬಳ್ಳಾರಿ ಜಾಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದು, ಉರುವಲಿನ ಹೆಸರಿನಲ್ಲಿ ಸರ್ಕಾರಿ ಇಲಾಖೆಗಳ ಕೈಯಿಂದಲೇ ಹರಡಿದ ಈ ಮರ ಬಯಲುಸೀಮೆಯ ಎಷ್ಟೋ ಕೆರೆಯಂಗಳಗಳನ್ನು ನುಂಗಿ ನಿಂತಿದೆ. ಬೇಲಿಗೆಂದು ಕಡಿದು ಎಳೆದೊಯ್ಯುವಾಗ ಉದುರಿದ ಅದರ ಮುಳ್ಳು ದಾರಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಒಂದು ಪಂಕ್ಚರಿನ ಬೆಲೆ ಚಿಕ್ಕದು. ಆದರೆ ಪ್ರೌಢಶಾಲೆಗೆ ನಾಲ್ಕೈದು ಕಿಲೋಮೀಟರು ತುಳಿದು ಹೋಗಬೇಕಾದ ಹುಡುಗಿಗೆ ಅದು ಒಂದು ದಿನದ ಪಾಠದ ಬೆಲೆ. ಪಂಕ್ಚರ್ ಅಂಗಡಿ ಇರುವುದು ಮುಂದಿನ ಊರಿನಲ್ಲಿ. ವಾರಕ್ಕೆರಡು ಸಲ ಹೀಗಾದರೆ ಸೈಕಲ್ಲು ಗೋಡೆಗೆ ಒರಗುತ್ತದೆ, ಅದರ ಮೇಲೆ ಒದ್ದೆ ಬಟ್ಟೆ ಒಣಗುತ್ತದೆ, ಮಗು ಮತ್ತೆ ಬಸ್ಸಿನ ದಾರಿ ಕಾಯುತ್ತದೆ. ಹಳ್ಳಿಯ ಮಕ್ಕಳು ಸೈಕಲ್ ಬಿಟ್ಟದ್ದಕ್ಕೆ ಸೋಮಾರಿತನವೇ ಕಾರಣವೆಂದು ಪಟ್ಟಣದಲ್ಲಿ ಕುಳಿತು ತೀರ್ಪು ಕೊಡುವವರು ಒಮ್ಮೆ ಈ ದಾರಿಯಲ್ಲಿ ತುಳಿದು ನೋಡಬೇಕು.

ಈ ಕಷ್ಟಕ್ಕೆ ಮದ್ದು ಇದೆ ಎನ್ನುತ್ತದೆ ಪೇಟೆ. ಅದರ ಹೆಸರು ಟ್ಯೂಬ್‌ಲೆಸ್. ಮೋಟಾರು ಬೈಕಿಗೆ ಬಂದು ಹಳ್ಳಿಗೂ ಪರಿಚಿತವಾದ ಪದ್ಧತಿಯೇ ಇದು: ಒಳಗೆ ಟ್ಯೂಬಿಲ್ಲ, ಟೈರು ಮತ್ತು ರಿಮ್ಮುಗಳೇ ಗಾಳಿಯನ್ನು ಹಿಡಿದಿಡುತ್ತವೆ. ಗುಡ್ಡಗಾಡಿನ ಸೈಕಲ್ಲಿಗೆ ಇದನ್ನು 1999ರಲ್ಲಿ ಫ್ರಾನ್ಸಿನ ಮಾವಿಕ್, ಮಿಶೆಲಿನ್ ಮತ್ತು ಹಚಿನ್ಸನ್ ಕಂಪನಿಗಳು ಸೇರಿ ರೂಪಿಸಿದವು. ಅನಂತರ ಟೈರಿನೊಳಗೆ ರಬ್ಬರ್ ಹಾಲಿನ ದ್ರಾವಣ ಸುರಿಯುವ ರೂಢಿ ಬೆಳೆಯಿತು. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟ ಕಂಡವರಿಗೆ ಇದರ ಮರ್ಮ ತಿಳಿಯುವುದು ಸುಲಭ. ಮರದ ತೊಗಟೆಗೆ ಗಾಯವಾದರೆ ಹಾಲು ಸುರಿದು, ಹೆಪ್ಪುಗಟ್ಟಿ, ಗಾಯವನ್ನು ಮುಚ್ಚುತ್ತದೆ. ಮುಳ್ಳು ಚುಚ್ಚಿದಾಗ ಟೈರಿನೊಳಗಿನ ಹಾಲು ಗಾಳಿಯೊಡನೆ ತೂತಿಗೆ ನುಗ್ಗಿ ಅದೇ ಕೆಲಸ ಮಾಡುತ್ತದೆ. ನೆಗ್ಗಿಲ ಮುಳ್ಳಿನ ಸಣ್ಣ ತೂತಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಬಂದಿಲ್ಲ. ಟ್ಯೂಬಿನ ಚಕ್ರದಲ್ಲಿ ಗಾಳಿ ಕಡಿಮೆಯಿದ್ದು ಕಲ್ಲಿಗೆ ಬಡಿದರೆ ರಿಮ್ಮು ಟ್ಯೂಬನ್ನು ಕಚ್ಚಿ ಹಾವಿನ ಹಲ್ಲಿನಂತೆ ಜೋಡಿ ತೂತು ಮಾಡುತ್ತದಲ್ಲ, ಟ್ಯೂಬೇ ಇಲ್ಲದಲ್ಲಿ ಆ ಭಯವೂ ಇಲ್ಲ. ಆದ್ದರಿಂದ ಟ್ಯೂಬ್‌ಲೆಸ್ ಎಂದರೆ ಬೆಂಗಳೂರಿನ ಶ್ರೀಮಂತರ ಭಾನುವಾರದ ಆಟ ಎಂಬ ಮಾತನ್ನು ಒಪ್ಪಲಾಗದು. ಮುಳ್ಳಿಲ್ಲದ ಡಾಂಬರು ರಸ್ತೆಯವರಿಗಿಂತ ಅದರ ಅಗತ್ಯ ಹೆಚ್ಚಾಗಿ ಇರುವುದು ಮುಳ್ಳಿನ ದಾರಿಯವರಿಗೆ.

ತಕರಾರು ಇರುವುದು ಅದನ್ನು ಮಾರುವ ರೀತಿಯಲ್ಲಿ.

ಒಂದು ಕಡೆ, ಹೊರದೇಶದ ಹೆಸರಿನ ಟೈರನ್ನೇ ಕೊಳ್ಳಬೇಕೆಂದು ಸಾವಿರಗಟ್ಟಲೆ ರೂಪಾಯಿಯ ಜೋಡಿಯನ್ನು ಮುಂದಿಡುವ ದೊಡ್ಡ ಊರಿನ ಅಂಗಡಿಗಳು. ಕುಮಾರಪಟ್ಟಣದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವ ಕಾರ್ಮಿಕನ ಇಡೀ ಸೈಕಲ್ಲಿನ ಬೆಲೆ ಆ ಜೋಡಿಯಷ್ಟಿದ್ದರೂ ಆಶ್ಚರ್ಯವಿಲ್ಲ. ಇನ್ನೊಂದು ಕಡೆ, ಕೆಲವು ನೂರು ರೂಪಾಯಿಯ ಯಾವುದೋ ಟೈರಿಗೆ ಹಾಲು ಸುರಿದು, "ಇದೂ ಟ್ಯೂಬ್‌ಲೆಸ್ಸೇ" ಎಂದು ನಂಬಿಸುವವರು. ಮೊದಲನೆಯದು ಕಿಸೆಗೆ ಕನ್ನ. ಎರಡನೆಯದು ಜೀವಕ್ಕೇ ಸಂಚಕಾರ.

ಏಕೆಂದರೆ ಟ್ಯೂಬ್‌ಲೆಸ್ ಟೈರಿನ ಜೀವ ಇರುವುದು ಅದರ ಅಂಚಿನಲ್ಲಿ, ಅಂದರೆ ರಿಮ್ಮಿನೊಳಗೆ ಕಚ್ಚಿ ಕೂರುವ ಬೀಡಿನಲ್ಲಿ. ಸಾಮಾನ್ಯ ಟೈರಿನ ಬೀಡು ಟ್ಯೂಬಿನ ಒತ್ತಡದ ಬಲದಿಂದ ಜಾಗದಲ್ಲಿ ನಿಲ್ಲುವಂಥದು. ಟ್ಯೂಬನ್ನು ತೆಗೆದರೆ ಅದನ್ನು ಒಳಗಿನಿಂದ ಒತ್ತಿಹಿಡಿಯುವವರು ಯಾರೂ ಇಲ್ಲ. ಮನೆಯಂಗಳದಲ್ಲಿ ಗಾಳಿ ನಿಂತಂತೆ ಕಂಡೀತು. ಐರಣಿಯ ಗುಡ್ಡದಂಥ ಇಳಿಜಾರಿನ ತಿರುವಿನಲ್ಲಿ ಟೈರು ಒಂದು ಮಗ್ಗುಲಿಗೆ ಹೊರಳಿದಾಗ ಬೀಡು ರಿಮ್ಮಿನಿಂದ ಕಳಚಿ, ಕ್ಷಣಾರ್ಧದಲ್ಲಿ ಗಾಳಿಯೆಲ್ಲ ಹೋದೀತು. ಅದು ಮುಂದಿನ ಚಕ್ರವಾದರೆ ಸವಾರನ ಗತಿಯನ್ನು ವಿವರಿಸಬೇಕಿಲ್ಲ. ಆದುದರಿಂದ ಹಣ ಕೊಡುವುದಿದ್ದರೆ ಮೊದಲು ಬೀಡಿಗೆ ಕೊಡಬೇಕು. ಟೈರಿನ ಮಗ್ಗುಲಲ್ಲಿ 'ಟ್ಯೂಬ್‌ಲೆಸ್ ರೆಡಿ' ಎಂದೋ 'ಟಿ.ಆರ್.' ಎಂದೋ 'ಟಿ.ಎಲ್.ಆರ್.' ಎಂದೋ ಅಚ್ಚಾಗಿರುತ್ತದೆ. ಆ ಅಕ್ಷರಗಳಿಲ್ಲದಿದ್ದರೆ ಅದು ಟ್ಯೂಬಿನ ಟೈರು. ಮಾರುವವನು ಏನೇ ಹೇಳಲಿ.

ಟೈರಿಗಿಂತ ಮುಂಚೆ ನೋಡಬೇಕಾದದ್ದು ರಿಮ್ಮು. ಇಲ್ಲಿಯೇ ದೊಡ್ಡ ಮೋಸ ನಡೆದಿದೆ. ದಪ್ಪ ಟೈರು, ಬಣ್ಣದ ಚೌಕಟ್ಟು, ಮೇಲೊಂದು 'ಎಂ.ಟಿ.ಬಿ.' ಎಂಬ ಅಂಟುಚೀಟಿ: ಇಷ್ಟಿದ್ದರೆ ಅದು ಗುಡ್ಡದ ಸೈಕಲ್ಲು ಎಂದು ಹತ್ತಾರು ವರ್ಷಗಳಿಂದ ಹುಡುಗರನ್ನು ನಂಬಿಸಲಾಗಿದೆ. ಅಗ್ಗದ ಇಂಥ ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ಇರುವುದು ಒಂಟಿ ಗೋಡೆಯ ರಿಮ್ಮು. ಟ್ಯೂಬು ತೆಗೆದು ನೋಡಿದರೆ ಕಡ್ಡಿಗಳ ತುದಿ ನೇರವಾಗಿ ಕಾಣುತ್ತದೆ. ಬೀಡು ಕೂರಲು ಸರಿಯಾದ ಮೆಟ್ಟಿಲೇ ಇರುವುದಿಲ್ಲ. ಇದರ ಮೇಲೆ ಎಷ್ಟು ದುಬಾರಿ ಟೈರು ಹಾಕಿದರೂ ಟ್ಯೂಬ್‌ಲೆಸ್ ಮಾಡುವುದು ವ್ಯರ್ಥ, ಅಪಾಯ ಕೂಡ. ಜೋಡಿ ಗೋಡೆಯ ರಿಮ್ಮಿದ್ದು, ಕಡ್ಡಿ ತೂತುಗಳನ್ನು ಗಾಳಿ ಸೋರದ ಪಟ್ಟಿಯಿಂದ ಮುಚ್ಚಿ, ಅದಕ್ಕೆಂದೇ ಬರುವ ವಾಲ್ ಕೂರಿಸಲು ಸಾಧ್ಯವಿದ್ದರೆ ಮಾತ್ರ ಮುಂದಿನ ಮಾತು.

ಅಳತೆಯ ಗೊಂದಲದಲ್ಲಿ ಹಣ ಕಳೆದುಕೊಂಡವರೂ ಕಡಿಮೆಯಿಲ್ಲ. '26 ಇಂಚು' ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ಹೊಂದದ ಟೈರುಗಳಿವೆ. ಗುಡ್ಡದ ಸೈಕಲ್ಲಿನ 26 ಇಂಚಿನ ಟೈರಿನ ಬೀಡಿನ ವ್ಯಾಸ 559 ಮಿಲಿಮೀಟರು. ಹಳೆಯ ಮಾದರಿಯ 26 × 1 3/8 ಟೈರಿನದು 590. ಇಂಚಿನ ಲೆಕ್ಕವನ್ನು ಮರೆತು, ಮಗ್ಗುಲಲ್ಲಿ ಅಚ್ಚಾಗಿರುವ ಮೂರಂಕಿಯ ಸಂಖ್ಯೆಯನ್ನೇ ಓದುವುದು ಕ್ಷೇಮ. 27.5 ಇಂಚಿಗೆ 584, 29 ಇಂಚಿಗೆ 622. ಅಪ್ಪಂದಿರು ಹಾಲಿನ ಕ್ಯಾನು ಕಟ್ಟಿಕೊಂಡು ತಿರುಗಿದ 28 ಇಂಚಿನ ಕರಿ ಸೈಕಲ್ಲಿಗೆ 635. ಅದಕ್ಕೆ ಟ್ಯೂಬ್‌ಲೆಸ್ ಟೈರು ಹುಡುಕುವುದು ಬೇಡ.

ಇನ್ನು ಟೈರಿನ ಹೊಟ್ಟೆಯ ನೇಯ್ಗೆ. ಒಂದಂಗುಲದಲ್ಲಿ ಎಷ್ಟು ನೈಲಾನ್ ಎಳೆಗಳಿವೆ ಎಂಬುದನ್ನು 'ಟಿ.ಪಿ.ಐ.' ಎಂದು ನಮೂದಿಸುತ್ತಾರೆ. 120 ಎಳೆಯದು ಹಗುರ, ಮೃದು, ದುಬಾರಿ. ಸ್ಪರ್ಧೆಗೆ ಇಳಿಯುವವರಿಗೆ ತಕ್ಕದ್ದು. ಗದಗಿನಲ್ಲಿ 2021ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಸ್ಪರ್ಧೆ ನಡೆದ ಮೇಲೆ ಈ ಭಾಗದ ಹುಡುಗರಿಗೂ ಅಂಥ ಟೈರಿನ ಆಸೆ ಹುಟ್ಟಿದ್ದರೆ ತಪ್ಪಲ್ಲ. ಆದರೆ ದಿನನಿತ್ಯ ಮುಳ್ಳು ತುಳಿಯುವ ಚಕ್ರಕ್ಕೆ 60 ಎಳೆಯದು ಸಾಕು, ಎಷ್ಟೋ ಸಲ ಅದೇ ಮೇಲು. ಅದರ ದಪ್ಪ ಎಳೆ, ದಪ್ಪ ರಬ್ಬರು ಚೂಪುಗಲ್ಲಿಗೆ ಬೇಗ ಸೋಲುವುದಿಲ್ಲ. ಕೊಳ್ಳುವವನು ಕಡಿಮೆ ಹಣ ಕೊಟ್ಟು ಹೆಚ್ಚು ಬಾಳಿಕೆ ಪಡೆಯುವ ಅಪರೂಪದ ಜಾಗ ಇದು. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಟೈರಿನ ಹಲ್ಲುಗಳ ವಿಚಾರದಲ್ಲಿ ಮಣ್ಣನ್ನು ಕೇಳಬೇಕು. ರಾಣೆಬೆನ್ನೂರು, ಬ್ಯಾಡಗಿಯ ಎರೆ ಹೊಲದ ದಾರಿಯಲ್ಲಿ ಮಳೆಗಾಲಕ್ಕೆ ಸೈಕಲ್ ಹೊಡೆದವರಿಗೆ ಗೊತ್ತು: ಹತ್ತು ಮಾರು ಹೋಗುವಷ್ಟರಲ್ಲಿ ಚಕ್ರ ರೊಟ್ಟಿಯ ಹಿಟ್ಟಿನ ಮುದ್ದೆಯಾಗಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುವ ಜಾತಿಯದು. ಒತ್ತೊತ್ತಾಗಿ ಸಣ್ಣ ಹಲ್ಲುಗಳಿರುವ ಟೈರು ಅದನ್ನು ಬಿಡುವುದೇ ಇಲ್ಲ. ಹಲ್ಲುಗಳ ನಡುವೆ ಅಗಲವಾದ ತೆರಪಿರಬೇಕು; ಟೈರೂ ಬಹಳ ದಪ್ಪವಿರಬಾರದು, ಚೌಕಟ್ಟಿಗೂ ಟೈರಿಗೂ ನಡುವೆ ಬೆರಳು ತೂರುವಷ್ಟಾದರೂ ಜಾಗ ಉಳಿಯಬೇಕು. ಮಸಾರಿ ಮತ್ತು ಗರಸಿನ ಗುಡ್ಡದ ದಾರಿಗಾದರೆ ನಡುವೆ ಒತ್ತು ಹಲ್ಲು, ಅಂಚಿನಲ್ಲಿ ಗಟ್ಟಿ ಹಲ್ಲು ಇರುವ 2.1 ಅಥವಾ 2.2 ಇಂಚಿನದು ಒಳ್ಳೆಯದು. ಎರಡನ್ನೂ ಒಂದೇ ಟೈರಿನಲ್ಲಿ ಕೊಡುತ್ತೇವೆ ಎನ್ನುವ ಜಾಹೀರಾತನ್ನು ನಂಬಬೇಕಿಲ್ಲ. ಎರಡು ಹೊಸ ಟೈರಿಗೆ ಹಣ ಸಾಲದಿದ್ದರೆ ಒಳ್ಳೆಯದನ್ನು ಮುಂದಕ್ಕೇ ಹಾಕಬೇಕು. ಹಿಂದಿನದು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬೀಳುವುದೇ.

ಟೈರನ್ನು ಮೊದಲ ಬಾರಿ ಕೂರಿಸಲು ಕೈಪಂಪು ಸಾಲದೆ ಹೋಗಬಹುದು. ಬೀಡಿಗೆ ಸೋಪಿನ ನೀರು ಸವರಿ, ಮೋಟಾರು ಬೈಕಿನ ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಒಮ್ಮೆಲೇ ಗಾಳಿ ತುಂಬಿದರೆ 'ಟಪ್' ಎಂದು ಕೂರುತ್ತದೆ. ಟೈರಿನ ಮೇಲೆ ಬರೆದ ಮಿತಿ ಮೀರದಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು. ಆಮೇಲೆ ಸವಾರನ ತೂಕ ನೋಡಿ 25ರಿಂದ 30 ಪೌಂಡಿಗೆ ಇಳಿಸಿದರೆ ಸಾಕು. ವಿಶೇಷ ಪಂಪು, ಗಾಳಿಯ ಗುಂಡು ಇತ್ಯಾದಿಗಳ ಪಟ್ಟಿಯನ್ನು ಹಿಡಿದು ಬರುವವರನ್ನು ಬಾಗಿಲಲ್ಲೇ ನಿಲ್ಲಿಸಬಹುದು.

ಆದರೆ ಮಾರುವವರು ಮುಚ್ಚಿಡುವ ಖರ್ಚೊಂದಿದೆ: ಹಾಲು ಒಣಗುತ್ತದೆ. ಒಂದು ಚಕ್ರಕ್ಕೆ ನೂರು ಮಿಲಿಲೀಟರಿನ ಆಸುಪಾಸು ಸುರಿದದ್ದು ತಂಪಿನ ದೇಶದಲ್ಲಿ ಆರು ತಿಂಗಳು ಬಂದರೆ, ಬಯಲುಸೀಮೆಯ ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೇ ಚರ್ಮವಾಗಿ ಕೂರುತ್ತದೆ. ಆಮೇಲೆ ಟ್ಯೂಬೂ ಇಲ್ಲ, ಹಾಲೂ ಇಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಹಾಲು ತುಂಬುವ ಖರ್ಚನ್ನು ಮೊದಲ ದಿನವೇ ಟೈರಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು. ಹಾಲು ಕೆಡದಿರಲೆಂದು ಅದಕ್ಕೆ ಅಮೋನಿಯ ಬೆರೆಸಿರುವುದೂ ಉಂಟು. ಉಳಿದದ್ದನ್ನು ಬಾವಿಯ ಬಳಿ, ಹಳ್ಳದ ದಂಡೆಯಲ್ಲಿ ಚೆಲ್ಲುವುದು ಸಲ್ಲದು; ತಗಡಿನಲ್ಲಿ ಹರವಿ ಒಣಗಿಸಿ ರಬ್ಬರಾಗಿ ತೆಗೆದಿಡಬೇಕು. ತುಂಗಭದ್ರೆಯ ನೀರಿಗಾಗಿ ಅಷ್ಟು ವರ್ಷ ಹೋರಾಡಿದ ದಂಡೆಯ ಊರುಗಳಿಗೆ ಇದನ್ನು ಒತ್ತಿ ಹೇಳಬೇಕಿಲ್ಲ. ಸವೆದ ಟೈರನ್ನು ಆಲೆಮನೆಯ ಒಲೆಗೆ ಹಾಕುವ ಕೆಟ್ಟ ಚಾಳಿಯೂ ನಿಲ್ಲಬೇಕು. ಬೆಲ್ಲದೊಂದಿಗೆ ಆ ಹೊಗೆಯನ್ನು ಉಣ್ಣುವವರು ಅದೇ ಊರಿನ ಮಕ್ಕಳು.

ಒಂಟಿ ಗೋಡೆಯ ರಿಮ್ಮಿನವರ ಗತಿಯೇನು? ಅವರು ನಾಚಬೇಕಾದ ಕಾರಣವಿಲ್ಲ. ಸವೆದ ಟೈರಿನ ಬೀಡನ್ನೂ ಮಗ್ಗುಲನ್ನೂ ಕತ್ತರಿಸಿ, ಉಳಿದ ಪಟ್ಟಿಯ ಅಂಚನ್ನು ತೆಳ್ಳಗೆ ಕೆತ್ತಿ ಹೊಸ ಟೈರಿನೊಳಗೆ ಹಾಸಿದರೆ ನೆಗ್ಗಿಲ ಮುಳ್ಳು ಟ್ಯೂಬನ್ನು ಮುಟ್ಟುವುದು ಕಷ್ಟ. ತೂಕ ಹೆಚ್ಚುತ್ತದೆ, ತುಳಿಯಲು ಭಾರ. ಖರ್ಚು ಮಾತ್ರ ಏನೂ ಇಲ್ಲ. ವಾಲಿನ ನಡುಗೂಟ ಬಿಚ್ಚಲು ಬರುವ ಟ್ಯೂಬಿನೊಳಗೆ ದ್ರಾವಣ ಹಾಕುವುದೂ ಸಾಧ್ಯ. ಇಪ್ಪತ್ತು ತೇಪೆ ಹೊತ್ತ ಟ್ಯೂಬು ಇನ್ನೂ ಓಡುತ್ತಿದ್ದರೆ ಅದಕ್ಕಿಂತ ಪರಿಸರಸ್ನೇಹಿ ವಸ್ತು ಯಾವ ಅಂಗಡಿಯಲ್ಲೂ ಸಿಗದು.

ಇಷ್ಟೆಲ್ಲ ಲೆಕ್ಕವನ್ನು ಹದಿಮೂರರ ಮಗುವೂ ಅದರ ತಂದೆತಾಯಿಯೂ ಏಕೆ ಹಾಕಬೇಕು ಎಂಬುದೇ ಮೂಲ ಪ್ರಶ್ನೆ. ಲೂಧಿಯಾನದ ಕಾರ್ಖಾನೆಗಳು ಹೊರದೇಶಗಳಿಗೆ ಸೈಕಲ್ ಟೈರು ಕಳುಹಿಸುವಷ್ಟು ಸಮರ್ಥವಾಗಿವೆ. ಟ್ಯೂಬ್‌ಲೆಸ್ ಬೀಡು ಅವರಿಗೆ ಬಾರದ ವಿದ್ಯೆಯಲ್ಲ. ಹಳ್ಳಿಯವನು ಅಗ್ಗದ್ದನ್ನೇ ಕೊಳ್ಳುತ್ತಾನೆ ಎಂದುಕೊಂಡು, ಅಗ್ಗದ್ದು ಎಂದರೆ ಕಳಪೆಯದು ಎಂದು ಉದ್ಯಮ ತೀರ್ಮಾನಿಸಿಬಿಟ್ಟಿದೆ.

ಸರ್ಕಾರದ ಹೊಣೆ ಇದಕ್ಕಿಂತ ದೊಡ್ಡದು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಕರ್ನಾಟಕದಲ್ಲಿ ಆರಂಭವಾಯಿತು. 2020ರಲ್ಲಿ, ಕೋವಿಡ್ ಕಾಲದಲ್ಲಿ, ವಿತರಣೆ ನಿಂತಿತು. ಲಕ್ಷಗಟ್ಟಲೆ ಸೈಕಲ್ಲನ್ನು ಒಮ್ಮೆಗೇ ಕೊಳ್ಳುವ ಗ್ರಾಹಕ ಈ ರಾಜ್ಯದಲ್ಲಿ ಇನ್ನೊಬ್ಬನಿಲ್ಲ. ಅವನು ಏನು ಕೇಳಿದರೆ ಅದನ್ನು ಕಾರ್ಖಾನೆ ಮಾಡಿಕೊಡುತ್ತದೆ. ಇನ್ನು ಮುಂದೆ ಮಕ್ಕಳಿಗೆ ಸೈಕಲ್ ಖರೀದಿಸುವ ಟೆಂಡರಿನಲ್ಲಿ ಜೋಡಿ ಗೋಡೆಯ ರಿಮ್ಮು, ಟ್ಯೂಬ್‌ಲೆಸ್‌ಗೆ ಒಗ್ಗುವ 60 ಎಳೆಯ ಟೈರು, ಜೊತೆಗೆ ಪ್ರತಿ ಶಾಲೆಗೆ ಒಂದು ನಿಂತು ಹೊಡೆಯುವ ಪಂಪು, ಇಷ್ಟು ಷರತ್ತು ಸೇರಲೇಬೇಕು. ಮಲೆನಾಡಿನ ತಾಲ್ಲೂಕಿಗೆ ಒಂದು ಹಲ್ಲು, ಎರೆಸೀಮೆಯ ತಾಲ್ಲೂಕಿಗೆ ಇನ್ನೊಂದು ಹಲ್ಲು ಎಂದು ಬರೆಯಲು ಒಂದು ಸಾಲು ಸಾಕು. ಶಾಲಾಭಿವೃದ್ಧಿ ಸಮಿತಿಗಳೂ ಗ್ರಾಮಸಭೆಗಳೂ ಈ ಒಂದು ಸಾಲನ್ನು ಠರಾವು ಮಾಡಿ ಶಿಕ್ಷಣ ಇಲಾಖೆಗೆ ಕಳುಹಿಸಲಿ. ಠರಾವಿನ ಜೊತೆಗೆ ತಮ್ಮೂರ ದಾರಿಯಿಂದ ಆರಿಸಿದ ಒಂದು ಹಿಡಿ ನೆಗ್ಗಿಲ ಮುಳ್ಳನ್ನೂ ಲಕೋಟೆಯಲ್ಲಿ ಹಾಕಿದರೆ, ಮೇಜಿನ ಆಚೆ ಕುಳಿತವರಿಗೆ ವಿಷಯ ಬೇಗ ಮನವರಿಕೆಯಾದೀತು.