ಒಬ್ಬಾಕಿನ ಕುಂತಾಕಿ ಯಾರು?

ರೋಹಿಣಿ ಮಳೆ ಬಿದ್ದರೆ ಹಾನಗಲ್ಲ, ಹಿರೇಕೆರೂರ ಕಡೆ ಕೂರಿಗೆ ಹೊರಗೆ ಬರುತ್ತದೆ. ಆದರೂ ಹದ ನೋಡದೆ ಯಾವ ಒಕ್ಕಲಿಗನೂ ಬಿತ್ತುವುದಿಲ್ಲ. ಅದೇ ಹೊತ್ತಿಗೆ ತೆರೆಯುವ ಶಾಲೆಯಲ್ಲಿ ಮಾತ್ರ ನಾವು ಮೊದಲ ದಿನವೇ ಒಂದನೇ ಪಾಠ ಹಿಡಿಯುತ್ತೇವೆ. "ಪೋರ್ಷನ್ ಮುಗೀಬೇಕಲ್ರಿ ಅಕ್ಕೋರ" ಎನ್ನುವ ಸಹೋದ್ಯೋಗಿಗಳಿಗೆ ನನ್ನ ಮಾತು ಕಹಿ. ಇರಲಿ. ಮಕ್ಕಳು ಒಬ್ಬರಿಗೊಬ್ಬರು ಆಗದ ತರಗತಿಯಲ್ಲಿ ಪೋರ್ಷನ್ ಮುಗಿಯುವುದು ದಾಖಲೆಯಲ್ಲಿ ಮಾತ್ರ.

ಈ ತಿಳಿವಳಿಕೆ ನನಗೆ ಬಂದದ್ದು ನನ್ನದೇ ತಪ್ಪಿನಿಂದ. ಸೇವೆಗೆ ಸೇರಿದ ಹೊಸತರಲ್ಲಿ, ಸವಣೂರ ತಾಲೂಕಿನಲ್ಲಿದ್ದಾಗ, ವಿದ್ಯಾರ್ಥಿವೇತನದ ಪಟ್ಟಿಗೆಂದು ಮೊದಲ ದಿನವೇ ಒಬ್ಬೊಬ್ಬರನ್ನೂ ನಿಲ್ಲಿಸಿ ಜಾತಿ ಕೇಳಿದೆ. ಒಬ್ಬ ಹುಡುಗಿಯ ದನಿ ಇಳಿಯಿತು. ಬೆಳಿಗ್ಗೆ ಅವಳ ಪಕ್ಕ ಇದ್ದವರು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಇರಲಿಲ್ಲ. ಎಂಟು ದಿನಕ್ಕೆ ಅವಳೂ ಬರುವುದು ನಿಂತಿತು. ಮನೆಗೆ ಹೋದೆ. "ಆಕಿಗೆ ಸಾಲಿ ಸೇರವಲ್ದ್ರಿ" ಎಂದರು ಅವರವ್ವ. ಅವಳು ಮರಳಿ ಬರಲಿಲ್ಲ.

ಹಾಗಾದರೆ ಪಟ್ಟಿ ಬೇಡವೇ? ಬೇಕು. ಆದರೆ ಆ ವಿವರ ದಾಖಲಾತಿ ಪುಸ್ತಕದಲ್ಲೇ ಇರುತ್ತದೆ, ಹತ್ತು ಜನರೆದುರು ಕೇಳಬೇಕಿಲ್ಲ. ಸೇತುಬಂಧದ ಪರೀಕ್ಷೆಯೂ ಬೇಕು. ಅದು ಯಾವ ಮಗು ಏನು ಮರೆತಿದೆ ಎಂದು ತಿಳಿಯಲಿಕ್ಕೆ. ಶಾಣ್ಯಾರ ಸಾಲು, ದಡ್ಡರ ಸಾಲು ಮಾಡಲಿಕ್ಕಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ನಾವು ಬೆತ್ತ ಕೆಳಗಿಟ್ಟೆವು, ನಾಲಗೆ ಇಡಲಿಲ್ಲ.

ಈಗ ನನ್ನ ಮೊದಲ ವಾರ ಹೆಸರುಗಳದು. ಪ್ರತಿ ಮಗುವೂ ಪಕ್ಕದವರ ಹೆಸರನ್ನೂ ಅವರಿಗೆ ಬರುವ ಒಂದು ಕೆಲಸವನ್ನೂ ಹೇಳಬೇಕು. ರೊಟ್ಟಿ ಬಡಿಯುವುದು, ಆಡು ಕಾಯುವುದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಕೂಡುವ ಜಾಗ ವಾರಕ್ಕೊಮ್ಮೆ ಬದಲು. ತರಗತಿಯ ನಿಯಮ ಮಕ್ಕಳದೇ. ಬಿಸಿಯೂಟಕ್ಕೆ ನಾನೂ ಅವರ ಸಾಲಿನಲ್ಲೇ ಕೂಡುತ್ತೇನೆ. ಜೂನ್ ಕೊನೆಗೆ ಎರಡು ಪಾಠ ಹಿಂದೆ ಬೀಳುತ್ತೇನೆ, ನಿಜ. ದಸರೆಯ ಹೊತ್ತಿಗೆ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಟ್ಟು ಅದನ್ನು ಸರಿಗಟ್ಟುತ್ತಾರೆ.

ತಾಯಂದಿರೇ, ನಿಮ್ಮ ಮೇಲೂ ನನ್ನದೊಂದು ದೂರಿದೆ. "ನಮ್ಮ ಹುಡುಗೀನ್ನ ಅಂಥವರ ಬಾಜೂಕ ಕೂಡಸಬ್ಯಾಡ್ರಿ" ಎಂದು ಹೇಳಿ ಕಳಿಸುವವರು ನಿಮ್ಮಲ್ಲೇ ಇದ್ದಾರೆ. ಶಿಗ್ಗಾಂವಿ ತಾಲೂಕಿನ ಶಿಶುನಾಳದ ಷರೀಫರನ್ನು ಕಳಸದ ಗೋವಿಂದಭಟ್ಟರು ಶಿಷ್ಯನೆಂದು ಹತ್ತಿರ ಕರೆದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅವರ ಪದಗಳನ್ನು ಮಕ್ಕಳಿಂದ ಹಾಡಿಸಿ ಚಪ್ಪಾಳೆ ತಟ್ಟುವ ನಾವೇ ಬೆಂಚು ಬೇರೆ ಮಾಡಿಸುವುದು ಯಾವ ನ್ಯಾಯ?

ಶಾಲೆಯಿಂದ ಬಂದ ಮಗಳನ್ನು "ಏನು ಕಲಿಸಿದರು?" ಎಂದು ಕೇಳುವ ಮೊದಲು, "ಇವತ್ತ ಒಬ್ಬಾಕಿನ ಕುಂತಾಕಿ ಯಾರು?" ಎಂದು ಕೇಳಿ. ನಾಳೆ ಆಕೆಯ ಪಕ್ಕ ಕೂಡೆಂದು ಹೇಳಿ ಕಳಿಸಿ. ಮಿಕ್ಕ ಪಾಠ ನಾನು ಮಾಡುತ್ತೇನೆ.