ಲ್ಯಾವೆಂಡರಿನ ಸೀಸೆ

ಮಾರತ್ತಹಳ್ಳಿಯ ಹೊರವರ್ತುಲ ರಸ್ತೆಯ ಬಳಿಯ ಬಹುಮಹಡಿ ಮನೆಗಳಲ್ಲಿ ಸಂಜೆಯಾಯಿತೆಂದರೆ ಊದುಬತ್ತಿಯ ಕಂಪಿನೊಡನೆ ಈಗ ಲ್ಯಾವೆಂಡರಿನ ಕಂಪೂ ಬೆರೆಯುವುದುಂಟು. ಬೆರಳುದ್ದದ ಸೀಸೆ, ನೀರಿಗೆ ನಾಲ್ಕು ಹನಿ, ಮಂಜನ್ನು ಉಗುಳುವ ಪುಟ್ಟ ವಿದ್ಯುದ್ಯಂತ್ರ. ಇಷ್ಟಕ್ಕೇ ಸುಗಂಧ ಚಿಕಿತ್ಸೆಯೆಂದು ಹೆಸರು.

ಹೆಸರಿನ ಸಾಮ್ಯದಿಂದ ಇದನ್ನು ಲಾವಂಚವೆಂದು ಭ್ರಮಿಸುವವರಿದ್ದಾರೆ. ಲಾವಂಚವು ಹುಲ್ಲಿನ ಬೇರು. ಲ್ಯಾವೆಂಡರ್ ಆದರೋ ಮೆಡಿಟರೇನಿಯನ್ ಪ್ರದೇಶದ ನೇರಿಳೆ ಹೂವಿನ ಗಿಡ. ಸಸ್ಯಶಾಸ್ತ್ರದ ಪ್ರಕಾರ ತುಳಸಿಯ ಬಂಧು.

ಚಿಕಿತ್ಸೆಗೆ ಹೆಸರು ಕೊಟ್ಟಾತ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಟ್‌ಫೊಸೆ. 1910ರಲ್ಲಿ ಪ್ರಯೋಗಶಾಲೆಯ ಸ್ಫೋಟದಿಂದ ಸುಟ್ಟ ಆತನ ಕೈಗಳು ಕೊಳೆಯತೊಡಗಿದಾಗ ಲ್ಯಾವೆಂಡರ್ ತೈಲದಿಂದ ತೊಳೆದು ಗುಣ ಕಂಡನಂತೆ. 1937ರಲ್ಲಿ ಪ್ರಕಟವಾದ ತನ್ನ ಗ್ರಂಥಕ್ಕೆ ‘ಅರೋಮಾಥೆರಪಿ’ ಎಂದೇ ಹೆಸರಿಟ್ಟ. ಉರಿಯುವ ಕೈಯನ್ನು ತೈಲದ ತೊಟ್ಟಿಯಲ್ಲಿ ಅದ್ದಿದನೆಂಬುದು ಅನಂತರದವರು ಹಚ್ಚಿದ ಬಣ್ಣ. ಆ ಬಣ್ಣಕ್ಕೆ ಮರುಳಾಗಿ ಅಡಿಗೆಮನೆಯ ಸುಟ್ಟಗಾಯಕ್ಕೆ ತೈಲ ಸುರಿಯುವುದು ಶುದ್ಧ ಅವಿವೇಕ. ಅಲ್ಲಿ ಬೇಕಾದುದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು.

ಪರಿಮಳದಿಂದ ಕಳವಳ ತುಸು ಇಳಿಯುವುದು, ನಿದ್ರೆ ಸುಖವಾಗುವುದು ಕೆಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅವುಗಳಲ್ಲಿ ಬಹುಪಾಲು ಚಿಕ್ಕವು. ಆದರೂ ಕಿಟಕಿ ತೆರೆದಿಟ್ಟು ಅರ್ಧ ಗಂಟೆ ಸವಿದರೆ ಸಾಮಾನ್ಯವಾಗಿ ಬಾಧಕವಿಲ್ಲ. ಉಬ್ಬಸದವರು ಮಾತ್ರ ದೂರವಿರುವುದು ಲೇಸು.

ಬುಟ್ಟಿಗಟ್ಟಲೆ ಹೂವನ್ನು ಬಟ್ಟಿಯಿಳಿಸಿದರೆ ಬರುವುದು ಬೊಗಸೆ ತೈಲ. ಆದುದರಿಂದ ಹೂವಿನ ಸೌಮ್ಯತೆಯನ್ನು ಸೀಸೆಯಲ್ಲಿ ನಿರೀಕ್ಷಿಸಲಾಗದು. ಮೈಗೆ ಹಚ್ಚುವುದಾದರೆ ಒಂದು ಚಹಾ ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಸಾಕು. ಮೊದಲು ಮುಂಗೈಯ ಒಳಭಾಗದಲ್ಲಿ ಸವರಿ ಒಂದು ದಿನ ಕಾದು ನೋಡಬೇಕು. ಬಿರಡೆ ಸಡಿಲವಾಗಿ ಗಾಳಿಯಾಡಿದ ಹಳೆಯ ತೈಲವು ಇನ್ನೂ ಕೆಟ್ಟದ್ದು. ಅದರಲ್ಲಿನ ಲಿನಲೂಲ್ ಎಂಬ ದ್ರವ್ಯ ಗಾಳಿಯ ಆಮ್ಲಜನಕದೊಡನೆ ಕೂಡಿ ಚರ್ಮಕ್ಕೆ ಒಗ್ಗದ ವಸ್ತುವಾಗುತ್ತದೆ. ಬೆಲೆ ತೆತ್ತದ್ದೆಂದು ಕಾಪಾಡಿಕೊಳ್ಳುವ ಗೃಹಿಣಿಯರು ಇದನ್ನು ನೆನೆಯಬೇಕು.

ಎಲ್ಲಕ್ಕಿಂತ ದೊಡ್ಡ ಭಯ ಮಗುವಿನ ಬಾಯಿಯದು. ನೆಗಡಿಗೆಂದು ಮನೆಮನೆಯಲ್ಲಿರುವ ನೀಲಗಿರಿ ಎಣ್ಣೆ ಒಂದು ಚಹಾ ಚಮಚದಷ್ಟು ಹೊಟ್ಟೆ ಸೇರಿದರೂ ಎಳೆಯ ಮಗುವಿಗೆ ಸೆಳವು ಬಂದು ಎಚ್ಚರ ತಪ್ಪಬಹುದು. ಲ್ಯಾವೆಂಡರ್ ಅಷ್ಟು ಉಗ್ರವಲ್ಲವಾದರೂ ಕುಡಿಯುವ ವಸ್ತುವಲ್ಲ. ಎರಡೂ ಸೀಸೆಗಳಿಗೆ ತಕ್ಕ ಸ್ಥಳ ಬೀಗವಿರುವ ಕಪಾಟು. ಹಾಸಿಗೆಯ ಪಕ್ಕದ ಮೇಜಲ್ಲ. ಒಂದು ವೇಳೆ ಮಗು ನುಂಗಿದರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯ ಸರ್ವಥಾ ಕೂಡದು. ವಾಂತಿಯಲ್ಲಿ ಮೇಲೆ ಬಂದ ತೈಲ ಶ್ವಾಸಕೋಶವನ್ನು ಹೊಕ್ಕರೆ ಅಪಾಯ ಇಮ್ಮಡಿಯಾಗುತ್ತದೆ. ತಡಮಾಡದೆ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು, ಸೀಸೆಯನ್ನೂ ಜೊತೆಗೆ ಕೊಂಡೊಯ್ಯಬೇಕು.