ಗ್ರಾಮಸಭೆಯಲ್ಲಿ ನಮ್ಮ ಕುರ್ಚಿ ಖಾಲಿ



ಕಳೆದ ಮಳೆಗಾಲದಲ್ಲಿ ನಮ್ಮವರೊಬ್ಬರ ಅಡಿಕೆ ತೋಟಕ್ಕೆ ಹೋಗಿದ್ದೆ. ತೋಟದ ಮೇಲ್ಭಾಗದಲ್ಲಿ ಪಂಚಾಯತಿನ ಹೊಸ ಕಾಂಕ್ರೀಟ್ ರಸ್ತೆ. ರಸ್ತೆಯೇನೋ ಚೆನ್ನಾಗಿದೆ, ಬದಿಯಲ್ಲಿ ಚರಂಡಿಯಿಲ್ಲ. ಗುಡ್ಡದ ನೀರೆಲ್ಲ ತೋಟಕ್ಕೆ ನುಗ್ಗಿ ಅಡಿಕೆ ಮರಗಳ ಬುಡದಲ್ಲಿ ದಿನಗಟ್ಟಲೆ ನಿಂತಿತ್ತು. ಅಡಿಕೆಯ ಬೇರಿಗೆ ನಿಂತ ನೀರು ಆಗದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. "ಗ್ರಾಮಸಭೆಯಲ್ಲಿ ಚರಂಡಿಯ ಮಾತೆತ್ತಿದ್ದಿರಾ?" ಎಂದು ಕೇಳಿದೆ. "ಆ ದಿನ ಅಡಿಕೆ ಸುಲಿಯುವುದಿತ್ತು ಫಾದರ್, ಹೋಗಲಾಗಲಿಲ್ಲ" ಎಂದರು. ನಮ್ಮ ಕಾಯಿಲೆಯ ಮೂಲ ಈ ಉತ್ತರದಲ್ಲಿದೆ.

ಕೇರಳದಲ್ಲಿ 1996ರ ಆಗಸ್ಟ್ 17ರಂದು ಜನಕೀಯ ಯೋಜನೆ ಆರಂಭವಾದಾಗ ರಾಜ್ಯದ ಯೋಜನಾ ನಿಧಿಯ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡಲು ನಿರ್ಧರಿಸಲಾಯಿತು. ಕೃಷಿ ಭವನವೂ ಪ್ರಾಥಮಿಕ ಆರೋಗ್ಯ ಕೇಂದ್ರವೂ ಪಂಚಾಯತಿನ ಕೈಗೆ ಬಂದವು. ಹಾಗಾಗಿ ನಮ್ಮ ತೋಟ ಮತ್ತು ಆರೋಗ್ಯ ಎರಡೂ ಪಂಚಾಯತಿನ ಆಯವ್ಯಯಕ್ಕೆ ಸೇರಿದ ವಿಷಯಗಳೇ. 1994ರ ಕಾಯ್ದೆಯಂತೆ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು. ಮತದಾರರಲ್ಲಿ ಶೇಕಡಾ 10 ಮಂದಿ ಹಾಜರಿರಬೇಕು. ಒಂದು ಲಕ್ಷಕ್ಕೆ ಮೀರದ ಜನಸಂಖ್ಯೆಯ ನಗರಸಭೆಗಳಲ್ಲಿ ಇದೇ ರೀತಿಯ ವಾರ್ಡು ಸಭೆಗಳಿವೆ.

ಆದರೆ ನಾನು ಕಂಡ ಸಭೆಗಳಿಗೆ ಹೆಚ್ಚಿನವರು ಬರುವುದು ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು ಸೇರಿಸಲು. ಸಹಿ ಹಾಕಿ, ಚಹಾ ಕುಡಿದು ಎದ್ದು ಹೋಗುತ್ತಾರೆ. ಉಳಿದ ನಾಲ್ಕು ಜನ ಹೇಳಿದ್ದೇ ಊರಿನ ತೀರ್ಮಾನ. ಕೇಳುವವರಿಲ್ಲದಾಗ ಹಣ ಹೋಗುವುದು ಕಣ್ಣಿಗೆ ಕಾಣುವ ಕೆಲಸಕ್ಕೆ. ರಸ್ತೆಗೆ ಉದ್ಘಾಟನೆಯ ಫಲಕ ಹಾಕಬಹುದು, ಹೂಳೆತ್ತಿದ ತೋಡಿಗೆ ಹಾಕಲಾಗದು.

ಆರೋಗ್ಯದ ಮಾತೂ ಹೀಗೆಯೇ. ಡೆಂಗ್ಯೂ ಬಂದಾಗ ಹೊಗೆ ಹಾಕಿದರೆ ಜನರಿಗೆ ಸಮಾಧಾನ. ಆದರೆ ಹೊಗೆಯಿಂದ ಸಾಯುವುದು ಹಾರುವ ಸೊಳ್ಳೆ ಮಾತ್ರ. ಅಡಿಕೆ ಹಾಳೆ, ರಬ್ಬರ್ ಚಿಪ್ಪು, ಹಳೆಯ ಟಯರುಗಳ ನೀರಿನಲ್ಲಿರುವ ಮರಿಗಳು ವಾರ ಹತ್ತು ದಿನಗಳಲ್ಲಿ ಸೊಳ್ಳೆಗಳಾಗುತ್ತವೆ. ಮಳೆಗೆ ಮುಂಚೆ ಕಸ ಸಾಗಿಸಲು ಖರ್ಚು ಮಾಡುವುದೇ ಜಾಣತನ. ವಾರಕ್ಕೊಮ್ಮೆ ಹಾಳೆ, ಚಿಪ್ಪುಗಳನ್ನು ಕವುಚಿ ಹಾಕುವುದಕ್ಕಂತೂ ಯಾವ ನಿಧಿಯೂ ಬೇಡ; ಅದು ನಮ್ಮದೇ ಕೆಲಸ.

"ಎಲ್ಲವೂ ಪಕ್ಷದವರ ಆಟ, ನಮ್ಮ ಮಾತು ಯಾರು ಕೇಳುತ್ತಾರೆ?" ಎನ್ನುವವರಿದ್ದಾರೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಸಭೆಯ ಪುಸ್ತಕದಲ್ಲಿ ದಾಖಲಾದ ಬೇಡಿಕೆಯನ್ನು ಮುಂದಿನ ಸಭೆಯಲ್ಲಿ ಎತ್ತಿ ಕೇಳಬಹುದು. ಜಗಲಿಯಲ್ಲಿ ಕುಳಿತು ಗೊಣಗಿದ್ದನ್ನು ಯಾರೂ ಬರೆದಿಡುವುದಿಲ್ಲ. ಮಲಯಾಳ ಬರೆಯಲು ಬಾರದೆಂಬ ಅಳುಕೂ ಬೇಡ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡಿಗರಿಗೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶ ಕೊಟ್ಟಿದೆ.

ಮುಂದಿನ ಸಭೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಹೋಗಿ. ಮೂರು ಪ್ರಶ್ನೆ ಸಾಕು: ಕಳೆದ ವರ್ಷ ನಮ್ಮ ವಾರ್ಡಿಗೆ ಎಷ್ಟು ಹಣ ಖರ್ಚಾಯಿತು? ಹೊಸ ರಸ್ತೆಯ ಅಂದಾಜಿನಲ್ಲಿ ಚರಂಡಿ ಸೇರಿದೆಯೇ? ತೋಡಿನ ಹೂಳು ಮೇ ತಿಂಗಳೊಳಗೆ ತೆಗೆಸುತ್ತೀರಾ? ಅಡಿಕೆ ಸುಲಿಯುವ ಕೆಲಸ ಒಂದು ದಿನ ತಡೆದೀತು. ಬೇರು ಕೊಳೆತ ಮರ ಮತ್ತೆ ಚಿಗುರದು.